ಕೊಳೆತದ್ದನ್ನು ಆರಿಸಿ, ಲೋಡು ತಡೆಯಬೇಡಿ

ನಾನು ರಾಜಕೀಯ ಬರೆಯುವವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನೇಗಿಲು ಹಿಡಿದವನು. ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ನಂಬಿದ ಆರು ಎಕರೆ ಜಮೀನಿದೆ. ಎರಡು ಎಕರೆಗೆ ಈರುಳ್ಳಿ, ಮಿಕ್ಕಿದ್ದಕ್ಕೆ ಶೇಂಗಾ, ಬದುವಿಗೆ ಅಕ್ಕಡಿ ಸಾಲು. ಆದರೆ ಹೋದ ವರ್ಷ ಅಕ್ಟೋಬರಿನಲ್ಲಿ ಮಂಗಳೂರಿಗೆ ಈರುಳ್ಳಿ ತಂದಾಗ ನಡೆದ ಒಂದು ಸಣ್ಣ ಸಂಗತಿ ನನ್ನ ತಲೆ ಕೊರೆಯುತ್ತಾ ಇದೆ. ಅದನ್ನು ಹೇಳದೆ ಈ ವರ್ಷದ ಬಿತ್ತನೆಗೆ ಕೈ ಹಾಕಲು ಮನಸ್ಸಾಗಲಿಲ್ಲ.

ಪ್ರಶ್ನೆ ಇಷ್ಟೇ. ವಿರೋಧ ಪಕ್ಷದ ಕೈಗೆ ತಡೆಯುವ ಬಲ ಬಂದಾಗ ಅದು ಹೊಂದಿಕೊಂಡು ಹೋಗಬೇಕಾ, ಅಡ್ಡ ಮಲಗಬೇಕಾ? ಇದು ದೊಡ್ಡವರ ವಿಷಯ ಅಂತ ನೀವು ಪುಟ ಮಗುಚಬೇಡಿ. ನಿಮ್ಮ ಊರಿನ ಸೊಸೈಟಿ, ಹಾಲಿನ ಡೇರಿ, ಪಂಚಾಯಿತಿ, ಎಲ್ಲ ಕಡೆಯೂ ಇದೇ ಪ್ರಶ್ನೆ ಇದೆ.

ಬೈಕಂಪಾಡಿಯಲ್ಲಿ ನಿಂತ ಲೋಡು

ನಾವು ಮೂವರು ರೈತರು ಸೇರಿ ಒಂದು ಲಾರಿ ಮಾಡಿಕೊಂಡಿದ್ದೆವು. ಕೀಳುವ ಹೊತ್ತಿಗೆ ಮಳೆ ಹಿಡಿದಿತ್ತು. ಪೂರಾ ಒಣಗಿಸಲು ಬಿಸಿಲು ಸಿಗಲಿಲ್ಲ. ಶಿರಾಡಿ ಘಾಟಿ ಇಳಿಯುವಾಗ ಮತ್ತೆ ಮಳೆ. ತಾಡಪಾಲು ಒಂದು ಕಡೆ ಹರಿದದ್ದು ನಮಗೆ ಗೊತ್ತೇ ಆಗಲಿಲ್ಲ. ಬೆಳಗಿನ ಜಾವ ಬೈಕಂಪಾಡಿ ಎಪಿಎಂಸಿ ಯಾರ್ಡು ಸೇರಿದೆವು.

ಮಂಡಿ ಯಜಮಾನರು ಬಂದವರೇ ಹಿಂದಿನ ಸಾಲಿನ ಒಂದು ಚೀಲಕ್ಕೆ ಕೈ ಹಾಕಿ ಮೂಸಿದರು. "ಎಂತ ಮಾರಾಯ್ರೆ, ಗೋಣಿ ಒದ್ದೆ ಉಂಟಲ್ಲ! ಈ ಲೋಡು ನಂಗೆ ಬೇಡ. ನಾಳೆ ಗಿರಾಕಿಗೆ ನಾನು ಎಂತ ಹೇಳುವುದು?" ಅಂದರು. ನನಗೂ ಸಿಟ್ಟು ಬಂತು. "ಇಳಿಸುವುದಾದರೆ ಪೂರಾ ಇಳಿಸಿ, ಇಲ್ಲ ಅಂದರೆ ಒಂದು ಚೀಲವನ್ನೂ ಮುಟ್ಟಬೇಡಿ" ಅಂದುಬಿಟ್ಟೆ. ಅವರು ಅಲ್ಲಿ, ನಾವು ಇಲ್ಲಿ. ಹೊತ್ತು ಏರಿತು. ಮಂಗಳೂರಿನ ಸೆಕೆ ನಿಮಗೆ ಗೊತ್ತೇ ಇದೆ. ತಾಡಪಾಲಿನ ಒಳಗೆ ಈರುಳ್ಳಿ ಬೇಯಲು ಶುರುವಾಯಿತು. ಹತ್ತು ಗಂಟೆಯ ಹೊತ್ತಿಗೆ ವಾಸನೆ ಮುಂದಿನ ಸಾಲಿಗೂ ಬಂತು.

ಆಗ ಹಮಾಲರ ಗುಂಪಿನಿಂದ ಒಬ್ಬ ಹುಡುಗ ಎದ್ದು ಬಂದ. "ಮಾವ, ನೀವಾ?" ಅಂದ. ನೋಡಿದರೆ ನಮ್ಮೂರವನೇ. ನನ್ನ ಹೊಲದ ಬದುವಿನ ಆಚೆಯ ಮೂರು ಎಕರೆ ಅವನ ತಾಯಿಯದು. ಹತ್ತು ವರ್ಷದ ಹಿಂದೆ ಊರು ಬಿಟ್ಟವನು. ಅವನು ಜಗಳದ ಮಧ್ಯೆ ಮಾತಾಡಲಿಲ್ಲ. ಇಬ್ಬರು ಜೊತೆಗಾರರನ್ನು ಕರೆದು ಹಿಂದಿನ ಎರಡು ಸಾಲು ಇಳಿಸಿ, ಚೀಲ ಬಿಚ್ಚಿ ಸುರಿದ. ಒಂದು ತಾಸಿನಲ್ಲಿ ಲೆಕ್ಕ ಸಿಕ್ಕಿತು. ಇನ್ನೂರು ಚೀಲದಲ್ಲಿ ಪೂರಾ ನೆಂದದ್ದು ಹನ್ನೆರಡು. ಯಜಮಾನರು ಮಿಕ್ಕಿದ್ದಕ್ಕೆ ರೇಟು ಹೇಳಿದರು. ಹನ್ನೆರಡನ್ನು ನಾವು ಬಿಟ್ಟುಕೊಟ್ಟೆವು. ಬೆಳಿಗ್ಗೆ ಆರಕ್ಕೇ ಈ ಕೆಲಸ ಮಾಡಿದ್ದರೆ ಹಾಳಾಗುತ್ತಿದ್ದದ್ದು ಐದೋ ಆರೋ.

ಚಾ ಕುಡಿಯುತ್ತಾ ಹುಡುಗ ನಿಧಾನವಾಗಿ ಒಂದು ಮಾತು ಹೇಳಿದ. "ಆವತ್ತು ಸೊಸೈಟಿಯಾಗೆ ನೀವು ತಡೆದಿದ್ದು ನಾಕು ಹೆಸರನ್ನ ಮಾವ. ನಮ್ಮವ್ವನ ಹೆಸರು ಅದ್ರಾಗೆ ಇರಲಿಲ್ಲ."

ಚಾ ಗಂಟಲಲ್ಲಿ ಇಳಿಯಲಿಲ್ಲ.

ನಾನೂ ವಿರೋಧ ಪಕ್ಷದವನಾಗಿದ್ದೆ

2014ರ ಮಾತು. ನಮ್ಮೂರ ಸಹಕಾರ ಸಂಘದಲ್ಲಿ ಹನ್ನೆರಡು ಜನ ನಿರ್ದೇಶಕರು. ಬಹಳ ವರ್ಷ ಎಲ್ಲಾ ಹನ್ನೆರಡೂ ಒಂದೇ ಗುಂಪಿನವರು. ನಾವು ಹೊರಗಿನಿಂದ ಕೂಗುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. ಆ ಸಲದ ಚುನಾವಣೆಯಲ್ಲಿ ನಮ್ಮ ಕಡೆಯವರು ಆರು ಜನ ಗೆದ್ದೆವು. ಅಧ್ಯಕ್ಷಗಿರಿ ಚೀಟಿ ಎತ್ತಿದಾಗ ಅವರ ಪಾಲಾಯಿತು. ಆದರೆ ಸಭೆಗೆ ಏಳು ಜನ ಇಲ್ಲದೆ ಕೋರಂ ಆಗದು. ನಾವು ಆರು ಜನ ಹೊರಗೆ ಕೂತರೆ ಸಭೆಯೇ ಇಲ್ಲ. ಅಧಿಕಾರ ಅವರದು, ಬೀಗದ ಕೈ ನಮ್ಮದು.

ಜೂನ್ ಮೊದಲ ವಾರ ಬೆಳೆಸಾಲದ ಪಟ್ಟಿ ಬಂತು. 143 ಹೆಸರು. ಅದರಲ್ಲಿ ನಾಲ್ಕು ಹೆಸರು ನಮಗೆ ಸರಿ ಕಾಣಲಿಲ್ಲ. ಒಬ್ಬರು ಜಮೀನು ಮಾರಿ ಎರಡು ವರ್ಷವಾಗಿತ್ತು. ಒಂದೇ ಮನೆಯಲ್ಲಿ ಒಂದೇ ಪಹಣಿಗೆ ಇಬ್ಬರ ಹೆಸರಿತ್ತು. ಇನ್ನೊಂದು ಊರಲ್ಲೇ ಇಲ್ಲದವರದ್ದು. ನಮ್ಮ ಅನುಮಾನ ಸುಳ್ಳಲ್ಲ, ಆಮೇಲೆ ಅದು ನಿಜವೇ ಆಯಿತು.

ಆದರೆ ನಾವು ಮಾಡಿದ್ದೇನು? "ನಾಲ್ಕು ಹೆಸರು ತೆಗೆಯಿರಿ, ಮಿಕ್ಕ 139ಕ್ಕೆ ಈಗಲೇ ಸಹಿ ಹಾಕುತ್ತೇವೆ" ಅನ್ನಬಹುದಿತ್ತು. ಅನ್ನಲಿಲ್ಲ. ಯಾಕೆ ಅಂದರೆ ಸಾಲ ಹಂಚಿದ ಹೆಸರು ಅಧ್ಯಕ್ಷರಿಗೆ ಹೋಗುತ್ತದೆ. ಮೂರು ಸಭೆಗೆ ನಾವು ಸೊಸೈಟಿ ಎದುರಿನ ಬೇವಿನ ಮರದ ಕೆಳಗೆ ಕೂತು ಬೀಡಿ ಸೇದಿದೆವು. ಒಳಗೆ ಅವರು ಆರು ಜನ ಗಡಿಯಾರ ನೋಡಿ ಎದ್ದು ಹೋದರು. ಹೀಗೆ 26 ದಿನ.

ಮೃಗಶಿರಾ ಮಳೆ ಬಂದು ಹೋಯಿತು. ಬೀಜ, ಗೊಬ್ಬರಕ್ಕೆ ದುಡ್ಡಿಲ್ಲದವರು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದರು. ಸೊಸೈಟಿಯದ್ದು ಬಡ್ಡಿಯಿಲ್ಲದ ಸಾಲ! ಆ ಹುಡುಗನ ತಾಯಿಗೆ ಕೈಸಾಲ ಕೊಡುವವರೂ ಸಿಗಲಿಲ್ಲ. ಎರಡು ಕುರಿ ಮಾರಿ ತಡವಾಗಿ ಬಿತ್ತಿದಳು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈ ಕೊಟ್ಟಿತು. ಅದೇ ವರ್ಷ ದೀಪಾವಳಿ ಮುಗಿಸಿ ಮಗ ಮಂಗಳೂರು ಬಸ್ಸು ಹತ್ತಿದ.

ಆಗ ನಾವು ಊರಲ್ಲಿ ಎದೆ ಉಬ್ಬಿಸಿ ಹೇಳಿಕೊಂಡಿದ್ದು "ಭ್ರಷ್ಟಾಚಾರ ತಡೆದೆವು" ಅಂತ. ನಾಲ್ಕು ಕಳ್ಳ ಹೆಸರು ತಡೆದದ್ದು ನಿಜ. ಜೊತೆಗೆ 139 ಜನರ ಹದವನ್ನೂ ತಡೆದೆವು. ಅದನ್ನು ಯಾರೂ ಲೆಕ್ಕ ಹಾಕಲಿಲ್ಲ, ಆ ತಾಯಿ ಮಗನ ಹೊರತು.

ಬೆಂಗಳೂರಿನ ದೊಡ್ಡ ಸೊಸೈಟಿ

ನನ್ನ ಮಗಳು ಮಂಗಳೂರಿನಲ್ಲಿ ಕಾನೂನು ಓದುತ್ತಾಳೆ. ಆವತ್ತು ಸಂಜೆ ಕೊಡಿಯಾಲಬೈಲಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳು, "ಅಪ್ಪಾ, ನಿಮ್ಮ ಸೊಸೈಟಿಯಲ್ಲಿ ಆದದ್ದೇ ವಿಧಾನ ಪರಿಷತ್ತಿನಲ್ಲೂ ಆಗಿದೆ" ಅಂದಳು. ಅವಳು ಹೇಳಿದ್ದನ್ನೂ, ನಾನು ಪೇಪರಿನಲ್ಲಿ ಓದಿ ನೆನಪಿಟ್ಟದ್ದನ್ನೂ ಕೂಡಿಸಿ ಬರೆಯುತ್ತೇನೆ.

ಮೊದಲು ಒಂದು ಮಾತು. ಬಲ ಇಲ್ಲದ ವಿರೋಧ ಪಕ್ಷಕ್ಕೆ ಈ ಪ್ರಶ್ನೆಯೇ ಏಳುವುದಿಲ್ಲ. ಮಂಗಳೂರು ಮಹಾನಗರಪಾಲಿಕೆಯಲ್ಲಿ 60 ವಾರ್ಡು. 2013ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 35 ಬಂದಿತ್ತು. 2019ರ ನವೆಂಬರಿನಲ್ಲಿ ಬಿಜೆಪಿಗೆ 44, ಕಾಂಗ್ರೆಸ್ಸಿಗೆ 14. ಹದಿನಾಲ್ಕು ಜನ ಮಾತಾಡಬಹುದು, ಎದ್ದು ಹೋಗಬಹುದು, ತಡೆಯಲಾರರು. ತಡೆಯುವ ಬಲ ಸಿಕ್ಕ ದಿನವೇ ವಿರೋಧ ಪಕ್ಷದ ನಿಜ ಬಣ್ಣ ಕಾಣುವುದು. ನಮ್ಮ ಬಣ್ಣ ಬೇವಿನ ಮರದ ಕೆಳಗೆ ಕಂಡಿತಲ್ಲ, ಹಾಗೆ.

ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ವಿಧಾನಸಭೆಯಲ್ಲಿ ಸರ್ಕಾರಕ್ಕೆ ಬಹುಮತ ಇರಲೇಬೇಕು, ಪರಿಷತ್ತಿನಲ್ಲಿ ಇರಬೇಕು ಅಂತಿಲ್ಲ. ಆದ್ದರಿಂದ ಸರ್ಕಾರ ಒಬ್ಬರದು, ಪರಿಷತ್ತಿನ ಬೀಗದ ಕೈ ಇನ್ನೊಬ್ಬರದು ಆಗುವುದುಂಟು.

ಹೊಂದಿಕೊಂಡದ್ದರ ಕಥೆ

2020ರಲ್ಲಿ ಬಿಜೆಪಿ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿತು. ಕರಾವಳಿಯ ಓದುಗರಿಗೆ ಈ ಕಾಯ್ದೆ ಏನೆಂದು ನಾನು ಹೇಳಬೇಕಿಲ್ಲ. 1974ರ ತಿದ್ದುಪಡಿಯ ಮೇಲೆ ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿ ಮುಂದೆ ನಿಂತು, ಗೇಣಿ ಭೂಮಿ ಸ್ವಂತ ಮಾಡಿಕೊಂಡ ಕುಟುಂಬಗಳು ನಿಮ್ಮಲ್ಲಿ ಎಷ್ಟೋ ಇವೆ. ಅದೇ ಕಾಯ್ದೆಯಲ್ಲಿ 79 ಎ, 79 ಬಿ ಅಂತ ಎರಡು ಕಲಮು ಇದ್ದವು. ಕೃಷಿಯಲ್ಲದೆ ಬೇರೆ ಆದಾಯ ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಇರುವವರು ಕೃಷಿ ಭೂಮಿ ಕೊಳ್ಳುವಂತಿಲ್ಲ, ಕೃಷಿಕರಲ್ಲದವರು ಕೃಷಿ ಭೂಮಿ ಇಟ್ಟುಕೊಳ್ಳುವಂತಿಲ್ಲ ಅಂತ ಅದರ ಸಾರ. ಅವೆರಡನ್ನೂ ತೆಗೆಯುವುದು ತಿದ್ದುಪಡಿಯ ತಿರುಳು.

ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು, ಪರಿಷತ್ತಿನಲ್ಲಿ ಆಗಲಿಲ್ಲ. ಆಗ ಪರಿಷತ್ತಿನಲ್ಲಿ ಕಾಂಗ್ರೆಸ್ಸೂ ಜನತಾದಳವೂ ಸೇರಿದರೆ ತಡೆಯುವ ಬಲ ಇತ್ತು. ಆದರೆ ಡಿಸೆಂಬರ್ 8ರಂದು, ದೇಶವೆಲ್ಲ ರೈತರು ಬಂದ್ ಕರೆದಿದ್ದ ದಿನವೇ, ಜನತಾದಳದ ಬೆಂಬಲದಿಂದ ಮಸೂದೆ ಅಲ್ಲೂ ಪಾಸಾಯಿತು. ತಾವು ಕೇಳಿದ ಕೆಲವು ಬದಲಾವಣೆಗೆ ಸರ್ಕಾರ ಒಪ್ಪಿತು, ಅದಕ್ಕೇ ಬೆಂಬಲ ಅಂತ ಆ ಪಕ್ಷದವರು ಸಮಜಾಯಿಷಿ ಕೊಟ್ಟರು.

ಇರಬಹುದು. ಹೊಂದಿಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಇಲ್ಲಿ ಕೊಳೆತದ್ದು ಹನ್ನೆರಡು ಚೀಲವಲ್ಲ. ನಮ್ಮಂಥ ಸಣ್ಣ ರೈತರ ಕಣ್ಣಲ್ಲಿ ಆ ಎರಡು ಕಲಮು ತೆಗೆಯುವುದೇ ಇಡೀ ಲೋಡು. ಒಂದು ಕೆಟ್ಟ ವರ್ಷದಲ್ಲಿ ನಾನು ಎರಡು ಎಕರೆ ಮಾರಲು ನಿಂತರೆ, ಕೊಳ್ಳುವವನು ನನ್ನ ಪಕ್ಕದ ರೈತನಾಗಿರಬೇಕಾ, ದುಡ್ಡಿರುವ ಯಾರೇ ಆಗಬಹುದಾ ಅನ್ನುವುದು ಪ್ರಶ್ನೆ. ಮಾರುವವನಿಗೆ ಒಳ್ಳೆ ಬೆಲೆ ಸಿಗುತ್ತದೆ ಅನ್ನುವವರೂ ನಮ್ಮಲ್ಲಿದ್ದಾರೆ, ಅವರ ಮಾತಲ್ಲೂ ನ್ಯಾಯವಿದೆ. ಆದರೆ ಹೋದ ಭೂಮಿ ತಿರುಗಿ ಬರುವುದಿಲ್ಲ. ಇಂಥ ಕಡೆ ಅಡ್ಡ ನಿಲ್ಲಲಿಕ್ಕೇ ತಾನೆ ಜನ ಬಲ ಕೊಟ್ಟಿರುವುದು?

ಅಡ್ಡ ಮಲಗಿದ್ದರ ಕಥೆ

ಅದೇ ಡಿಸೆಂಬರ್ 15ರಂದು ಪರಿಷತ್ತಿನಲ್ಲಿ ಪೀಠದ ಮೇಲೆ ಕೂತಿದ್ದ ಉಪಸಭಾಪತಿಯನ್ನು ಸದಸ್ಯರು ಎಳೆದು ಇಳಿಸಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೋಳಿನಿಂದ ತಡೆದದ್ದು ಯಾವ ರೈತನಿಗೂ ಒಂದು ಪೈಸೆ ಉಪಕಾರ ಮಾಡಲಿಲ್ಲ.

ಎಪಿಎಂಸಿ ವಿಷಯ ನಮಗೆ ಹತ್ತಿರದ್ದು. 2020ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು ಆ ಕಾಯ್ದೆ ಬದಲಾಯಿಸಿದರು. ಸಮಿತಿಯ ಅಧಿಕಾರ ಯಾರ್ಡಿನ ಗೋಡೆಯೊಳಗೆ ಮಾತ್ರ, ಹೊರಗೆ ಯಾರು ಬೇಕಾದರೂ ಕೊಳ್ಳಬಹುದು ಅಂತಾಯಿತು. ಮಂಗಳೂರಿನಲ್ಲಿ ಅದಕ್ಕೆ ಒಂದು ತಿಂಗಳ ಮೊದಲಷ್ಟೇ, ಕೊರೊನಾ ಲಾಕ್‌ಡೌನಿನಲ್ಲಿ, ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿ ಯಾರ್ಡಿಗೆ ಕಳಿಸಿದ್ದರು. ನಮ್ಮ ಮಂಡಿ ಯಜಮಾನರು ಅದನ್ನು ನೆನೆಸಿ ನಗುತ್ತಾರೆ: "ಒಂದು ಕಡೆ ಯಾರ್ಡಿನ ಒಳಗೆ ಹೋಗಿ ಅಂತ ಹೇಳಿದ್ರು. ಇನ್ನೊಂದು ಕಡೆ ಹೊರಗೆ ಮಾರಿದ್ರೂ ತೊಂದ್ರೆ ಇಲ್ಲ ಅಂತ ಕಾನೂನು ಮಾಡಿದ್ರು. ನಾವು ಯಾವುದು ಕೇಳುವುದು ಮಾರಾಯ್ರೆ?"

2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. 224ರಲ್ಲಿ ಕಾಂಗ್ರೆಸ್ 135 ಗೆದ್ದಿತು. ವಿರೋಧದಲ್ಲಿದ್ದಾಗ ಎಪಿಎಂಸಿ ತಿದ್ದುಪಡಿಯನ್ನು ವಿರೋಧಿಸಿದ್ದ ಪಕ್ಷ, ಜುಲೈನಲ್ಲಿ ಅದನ್ನು ಹಿಂದಕ್ಕೆ ತೆಗೆಯುವ ಮಸೂದೆ ತಂದಿತು. ವಿಧಾನಸಭೆ ಒಪ್ಪಿತು. ಆದರೆ ಆಗ ಪರಿಷತ್ತಿನಲ್ಲಿ ಬಿಜೆಪಿ, ಜನತಾದಳ ಸೇರಿದರೆ ಬಲ ಹೆಚ್ಚಿತ್ತು. ಅವರು ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿದರು.

ಇಲ್ಲಿ ಎರಡೂ ಕಡೆಯವರನ್ನು ಕೇಳಬೇಕು. ತಡೆದವರನ್ನು ಕೇಳುವುದು: ಮಸೂದೆಯ ಯಾವ ಸಾಲು ರೈತನಿಗೆ ಕೆಟ್ಟದ್ದು? ಅದರ ಬದಲು ಯಾವ ಸಾಲು ಬೇಕು? ಅಧಿಕಾರಕ್ಕೆ ಬಂದವರನ್ನು ಕೇಳುವುದು: ಎಪಿಎಂಸಿ ಮಸೂದೆ ತಂದಿರಿ, ಸರಿ. 79 ಎ, 79 ಬಿ ತೆಗೆದಾಗಲೂ ನೀವು ಅಷ್ಟೇ ದೊಡ್ಡ ಗಂಟಲಲ್ಲಿ ಕೂಗಿದ್ದಿರಲ್ಲ, ಅದನ್ನು ಮರಳಿ ತರುವ ಮಸೂದೆ ಅದರ ಜೊತೆಗೇ ಯಾಕೆ ಬರಲಿಲ್ಲ?

ಕಣವಾ, ಕಣಜವಾ?

ಸಮಿತಿಗೆ ಕಳಿಸುವುದೇ ದ್ರೋಹ ಅಂತ ಮೊದಲು ನಾನೂ ಬೈದಿದ್ದೆ. ಮಗಳು ದೆಹಲಿಯದ್ದನ್ನು ನೆನಪಿಸಿದಳು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೇಂದ್ರದ ಕೃಷಿ ಮಸೂದೆಗಳು ಬಂದಾಗ ವಿರೋಧ ಪಕ್ಷದವರು ಕೇಳಿದ್ದೂ ಪರಿಶೀಲನಾ ಸಮಿತಿಯನ್ನೇ. ಕೊಡಲಿಲ್ಲ, ಗದ್ದಲದ ನಡುವೆ ಧ್ವನಿಮತದಿಂದ ಪಾಸು ಮಾಡಿದರು. ಆಮೇಲೆ ರೈತರು ದೆಹಲಿಯ ಗಡಿಯಲ್ಲಿ ಒಂದು ವರ್ಷ ಕೂತರು. 2021ರ ನವೆಂಬರ್ 29ರಂದು ಅದೇ ಸಂಸತ್ತು ಅವನ್ನು ರದ್ದು ಮಾಡಿತು. ಮೊದಲೇ ನಾಲ್ಕು ತಿಂಗಳು ಕೂತು ಸಾಲು ಸಾಲು ಓದಿದ್ದರೆ ಆ ಚಳಿಯಲ್ಲಿ ಅಷ್ಟು ಜನ ಬೀದಿಯಲ್ಲಿ ಮಲಗಬೇಕಿರಲಿಲ್ಲ.

ಅಂದರೆ ಸಮಿತಿ ಕೆಟ್ಟದ್ದಲ್ಲ. ಅದು ಕಾಳು ತೂರುವ ಕಣವೋ, ಮುಚ್ಚಿಡುವ ಕಣಜವೋ ಅನ್ನುವುದೇ ಮುಖ್ಯ. ಕಣವಾದರೆ ತೂರಿ, ಜೊಳ್ಳು ಬಿಟ್ಟು, ಹೊತ್ತು ಮುಳುಗುವ ಮೊದಲು ರಾಶಿ ಮನೆಗೆ ಬರಬೇಕು.

ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು ಅಂತ ಕಾಣುತ್ತದೆ. ಮಗಳು 197ನೇ ವಿಧಿ ಓದಿ ಹೇಳಿದಳು. ವಿಧಾನಸಭೆ ಒಪ್ಪಿದ ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೂರು ತಿಂಗಳಿಗಿಂತ ಹೆಚ್ಚು ಹಿಡಿದಿಟ್ಟರೆ, ಅಥವಾ ತಿರಸ್ಕರಿಸಿದರೆ, ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿ ಕಳಿಸಬಹುದು. ಎರಡನೇ ಸಲ ಹಿಡಿಯಲು ಇರುವುದು ಒಂದೇ ತಿಂಗಳು. ಆಮೇಲೆ ಪರಿಷತ್ತು ಬೇಡ ಅಂದರೂ ಎರಡೂ ಸದನ ಒಪ್ಪಿದಂತೆಯೇ ಲೆಕ್ಕ. ಹಣಕಾಸಿನ ಮಸೂದೆಯಾದರೆ ಹದಿನಾಲ್ಕೇ ದಿನ. ತಡೆಯುವ ಹಕ್ಕು ಕೊಟ್ಟಿದ್ದಾರೆ, ಅದಕ್ಕೆ ವಾಯಿದೆಯನ್ನೂ ಹಾಕಿದ್ದಾರೆ. ಹಾಗಾಗಿ "ಪರಿಷತ್ತು ತಡೆದುಬಿಟ್ಟಿತು, ನಾವೇನು ಮಾಡೋಣ" ಅಂತ ಯಾವ ಸರ್ಕಾರವೂ ಕೈ ಚೆಲ್ಲಿ ಕೂರುವಂತಿಲ್ಲ.

ನಮ್ಮ ಬೇವಿನ ಮರದ ಕೆಳಗೆ ಇಂಥ ವಾಯಿದೆ ಇರಲಿಲ್ಲ. ಮಳೆಗೆ ಮಾತ್ರ ವಾಯಿದೆ ಇತ್ತು.

ಈಗ ನಮ್ಮಲ್ಲಿ ಮಾಡಿಕೊಂಡದ್ದು

ಮಂಗಳೂರಿನಿಂದ ಹೋದ ಮೇಲೆ ನಾನು ಸೊಸೈಟಿ ಸಭೆಯಲ್ಲಿ ಎದ್ದು ನಿಂತು 2014ರ ತಪ್ಪು ಒಪ್ಪಿಕೊಂಡೆ. ಈಗ ಎಂಟು ಜನ ನಮ್ಮ ಕಡೆಯವರು, ನಾಲ್ಕು ಜನ ಆಚೆಯವರು. "ಅಧಿಕಾರ ಸಿಕ್ಕ ಮೇಲೆ ನ್ಯಾಯ ಹೇಳ್ತಾನೆ" ಅಂತ ಆಚೆಯವರು ನಕ್ಕರು. ನಗಲಿ. ಎರಡು ಸಭೆಯ ಜಗ್ಗಾಟದ ಮೇಲೆ ನಾಲ್ಕು ಕಟ್ಟಳೆ ಬರೆದು ನಡಾವಳಿ ಪುಸ್ತಕಕ್ಕೆ ಏರಿಸಿದೆವು. ನಿಮ್ಮೂರಿಗೂ ಹೊಂದಬಹುದು.

1. ಸಾಲದ ಪಟ್ಟಿ ಸಭೆಗೆ ಬರುವ ಏಳು ದಿನ ಮೊದಲು ಗೋಡೆಗೆ ಅಂಟಿಸಬೇಕು. ಆಚೆಯ ನಾಲ್ಕು ಜನಕ್ಕೆ ಒಂದೊಂದು ಪ್ರತಿ ಕೈಗೆ ಕೊಡಬೇಕು. ಕೊನೇ ಗಳಿಗೆಯಲ್ಲಿ ಪಟ್ಟಿ ತೋರಿಸಿ "ಸಹಿ ಹಾಕಿ" ಅನ್ನುವುದೂ ಒಂದು ಥರದ ದಬ್ಬಾಳಿಕೆಯೇ.

2. ತಕರಾರು ಇದ್ದರೆ ಬರೆದು ಕೊಡಬೇಕು. ಯಾವ ಹೆಸರು, ಯಾಕೆ, ಏನು ದಾಖಲೆ ಅಂತ ಇರಬೇಕು. ಬರೀ ಕೂಗು ನಡಾವಳಿಗೆ ಏರುವುದಿಲ್ಲ.

3. ತಕರಾರಿನ ಹೆಸರು ಮಾತ್ರ ಬೇರೆ. ಮಿಕ್ಕ ಪಟ್ಟಿ ಅದೇ ದಿನ ಪಾಸಾಗಬೇಕು. ಬೇರೆ ಇಟ್ಟದ್ದು ಹದಿನೈದು ದಿನದೊಳಗೆ ತೀರ್ಮಾನವಾಗಬೇಕು.

4. ಜೂನ್, ಜುಲೈ ತಿಂಗಳಲ್ಲಿ ಕೋರಂ ಮುರಿಯಬಾರದು. ಯಾರಿಗೆ ಎಷ್ಟೇ ಸಿಟ್ಟಿರಲಿ, ಒಳಗೆ ಬಂದು "ಒಪ್ಪಿಲ್ಲ" ಅಂತ ಬರೆಸಿ ಹೋಗಬೇಕು.

ಈ ವರ್ಷದ ಪಟ್ಟಿಯಲ್ಲಿ ಆಚೆಯವರು ಮೂರು ಹೆಸರು ಹಿಡಿದರು. ಎರಡು ನಿಜವಾಗಿಯೂ ತಪ್ಪಿದ್ದವು. ಒಂದು ನಮ್ಮ ಕಡೆಯವನದೇ, ನನ್ನ ಸೋದರಳಿಯನದು. ಅದನ್ನು ತೆಗೆದದ್ದಕ್ಕೆ ನನ್ನ ತಂಗಿ ಇನ್ನೂ ಮಾತು ಬಿಟ್ಟಿದ್ದಾಳೆ. ಆದರೆ ಮಿಕ್ಕವರ ದುಡ್ಡು ಮಳೆಗೆ ಮೊದಲೇ ಕೈ ಸೇರಿತು.

ಕೊನೆಗೆ

ಹೊಂದಿಕೊಳ್ಳಬೇಕಾ, ಅಡ್ಡ ನಿಲ್ಲಬೇಕಾ? ನನ್ನ ಅನುಭವದಲ್ಲಿ ಇದು ತಪ್ಪಾಗಿ ಕೇಳಿದ ಪ್ರಶ್ನೆ. ಹೋದರೆ ತಿರುಗಿ ಬಾರದ್ದು, ಭೂಮಿಯಂಥದ್ದು ಹೋಗುವಾಗ ಅಡ್ಡ ನಿಲ್ಲಲೇಬೇಕು, ಬಲ ಇದ್ದೂ ನಿಲ್ಲದವನನ್ನು ಊರು ನೆನಪಿಡಬೇಕು. ಮಿಕ್ಕಿದ್ದರಲ್ಲಿ ಕೆಟ್ಟದ್ದನ್ನು ಆರಿಸಿ ತೆಗೆದು ಒಳ್ಳೆಯದನ್ನು ಹೋಗಲು ಬಿಡಬೇಕು. ಎರಡರಲ್ಲೂ ಕಾರಣ ಬರೆದು ಕೊಡಬೇಕು, ವಾಯಿದೆ ಹೇಳಬೇಕು. ಇನ್ನು ಓಟು ಕೇಳಲು ಬಂದವರನ್ನು ನಾವು ಕೇಳಬೇಕಾದ್ದು "ನೀವು ಯಾವ ಪಕ್ಷ" ಅಂತಲ್ಲ. "ಹೋದ ಸಲ ನಿಮ್ಮ ಕೈಯಲ್ಲಿ ತಡೆಯುವ ಬಲ ಇತ್ತಲ್ಲ, ಏನನ್ನು ತಡೆದಿರಿ, ಯಾಕೆ, ಎಷ್ಟು ದಿನ?" ಅಂತ.

ಆ ಹುಡುಗನನ್ನು ಊರಿಗೆ ವಾಪಸು ಬಾ ಅಂದೆ. "ನೋಡೋಣ ಮಾವ" ಅಂದ. ಅವನ ಮೂರು ಎಕರೆಯನ್ನು ಈ ಸಲ ನಾನು ಪಾಲಿಗೆ ಮಾಡಿದ್ದೇನೆ. ಈರುಳ್ಳಿ ಹಾಕಿದೆ. ಬಂದರೆ ಅಕ್ಟೋಬರಿನಲ್ಲಿ ಅವನ ತಾಯಿಯ ಪಾಲಿನ ಚೀಲಗಳನ್ನು ಅವನೇ ಬೈಕಂಪಾಡಿಯಲ್ಲಿ ಇಳಿಸುತ್ತಾನೆ. ತಾಡಪಾಲು ಹೊಸದು ತಂದಿದ್ದೇನೆ.